ಪ್ರೂಫ್

ಸುಲ್ತಾನಪೇಟೆ, ಮಹಡಿ ಮೇಲಿನ ಅಂಗಡಿ.
ಫ್ಲೆಕ್ಸಿಗೆ ನಿಷೇಧವಿದೆ ಈ ಊರಲ್ಲಿ,
ಅದಕ್ಕೇ ದೊಡ್ಡ ಅಚ್ಚೆಲ್ಲ ರಾತ್ರಿ.
ಮೌಸು ಹಿಡಿದವಳು ನಾನು.
ಹಲ್ಲು ಬೆಳ್ಳಗಾಗಿಸುವುದು, ಗದ್ದದ ಕೆಳಗಿನ ಬೊಜ್ಜು ಕರಗಿಸುವುದು,
ಪೇಟ ಇಲ್ಲದವರಿಗೆ ಮೈಸೂರು ಪೇಟ ತೊಡಿಸುವುದು ನನ್ನ ಕಸುಬು.
ಕಟ್ಟಲು ಹೋಗುವ ಹುಡುಗನಿಗಿಂತ
ಎರಡು ಸಾವಿರ ಕಡಿಮೆ ಸಂಬಳ:
'ಅವನು ಕಂಬ ಹತ್ತುತ್ತಾನಲ್ಲಮ್ಮ.'

ನಾನಿರುವ ವಾರ್ಡು ಈ ಸಲ ಮಹಿಳೆಗೆ ಎಂದಾಯಿತು.
ಪಿಳ್ಳಣ್ಣ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲವಂತೆ.
ಎಂಟನೇ ದಿನ ಹೆಂಡತಿಯ ಹೆಸರು ನೆನಪಾಯಿತು.

ಆರ್ಡರು ಬಂತು: ಇಪ್ಪತ್ತಕ್ಕೆ ಹತ್ತು, ಹನ್ನೆರಡು ಪ್ರತಿ.
ಮೇಲೆ ನಾಯಕರ ತಲೆಗಳು, ನಾಣ್ಯ ಜೋಡಿಸಿದ ಹಾಗೆ;
ನಡುವೆ ಪಿಳ್ಳಣ್ಣ, ಕೈಮುಗಿದು, ಆಳೆತ್ತರ;
ಎಡಮೂಲೆಯಲ್ಲಿ ಅಭ್ಯರ್ಥಿ.
ರೇಷನ್ ಕಾರ್ಡಿನ ಫೋಟೊ, ಕಣ್ಣು ಅರ್ಧ ಮುಚ್ಚಿತ್ತು.
'ಬೇರೆ ಇಲ್ವಾ ಸಾರ್?'
'ಅದೇ ಸಾಕು. ಸ್ವಲ್ಪ ಚಿಕ್ಕದು ಮಾಡು,
ಅಣ್ಣನ ಮೊಣಕೈ ಮುಚ್ತಾ ಇದೆ.'
ಮಾಡಿದೆ.
ಮೌಸಿನ ಒಂದು ಎಳೆತ, ಅಷ್ಟೇ.

ಗುರುವಾರ ಮಧ್ಯಾಹ್ನ ಆಕೆಯೇ ಬಂದರು, ಮುನಿತಾಯಮ್ಮ.
ಮೆಟ್ಟಿಲು ಹತ್ತಿ ಏದುಸಿರು, ಕೈಚೀಲದಲ್ಲಿ ನುಗ್ಗೆಕಾಯಿ.
ಈಕೆಯನ್ನು ನೋಡಿದ್ದೆ ನಾನು.
ಎರಡು ಬೇಸಿಗೆಯ ಹಿಂದೆ ನೀರಿನ ಟ್ಯಾಂಕರು
ನಮ್ಮ ಬೀದಿ ಬಿಟ್ಟು ಅಪಾರ್ಟ್‌ಮೆಂಟಿನತ್ತ ತಿರುಗಿದಾಗ
ಅದರ ಮುಂದೆ ಕೊಡ ಬೋರಲು ಹಾಕಿ ಕೂತಿದ್ದಾಕೆ,
ಡ್ರೈವರು ಹಾರನ್ ಒತ್ತಿದಷ್ಟೂ ನಿಧಾನಕ್ಕೆ ಎಲೆಅಡಿಕೆ ಜಗಿದಾಕೆ.

ಪರದೆಯ ಮೇಲೆ ತಮ್ಮನ್ನು ಹುಡುಕಿದರು. ಸಿಕ್ಕಲು ಹೊತ್ತಾಯಿತು.
'ದೊಡ್ಡದು ಮಾಡ್ಲಾ ಅಮ್ಮ?'
'ಬ್ಯಾಡ ಕಣವ್ವ, ಮನೇಲಿ ಜಗಳ ಆಯ್ತದೆ.
ಮುಖ ಯಾರದಾದ್ರೂ ಇರ್ಲಿ.'
ಸೆರಗಿನ ಗಂಟು ಬಿಚ್ಚಿ ಚೀಟಿ ಕೊಟ್ಟರು:
ಹೊಸ ಸಿಮ್ಮಿನ ನಂಬರು, ಮೊಮ್ಮಗಳ ದುಂಡಕ್ಷರ.
'ಕೆಳಗೆ ಸಂಪರ್ಕಿಸಿ ಅಂತ ಐತಲ್ಲ,
ಅವರದು ತೆಗ್ದು ಇದು ಹಾಕ್ತೀಯಾ?'

ಹತ್ತು ಅಂಕಿ.
ಪ್ರೂಫ್ ನೋಡಲು ಬಂದ ಗಂಡಸರು ಐದು ಮಂದಿ,
ಯಾರ ತಲೆ ಯಾರದಕ್ಕಿಂತ ಮೇಲಿದೆ ಎಂದು ಸ್ಕೇಲು ಹಿಡಿದು ಅಳೆದರು.
ಒಬ್ಬರ ಕಿವಿ ಕತ್ತರಿಸಿದ್ದಕ್ಕೆ ಬೈದರು.
ಅಂಕಿ ಯಾರೂ ಓದಲಿಲ್ಲ.

ಚುನಾವಣೆ ಮುಂದಕ್ಕೆ ಹೋಯಿತು. ಮತ್ತೆ ಮುಂದಕ್ಕೆ.
ಕೋರ್ಟು, ನಕ್ಷೆ, ಗಡಿ, ಏನೇನೋ.
ಪಟ್ಟಿ ಬದಲಾಗಿ ವಾರ್ಡು ತಿರುಗಿ ಅಣ್ಣನದೇ ಎನ್ನುತ್ತಾರೆ.
ಬ್ಯಾನರೊಂದು ಮಾರ್ಕೆಟ್ಟಿನ ಹತ್ತಿರ
ಕನಕಾಂಬರ ಮಾರುವವಳ ಸೂರಾಗಿದೆ.
ಮಳೆ ಬಂದರೆ ಪಿಳ್ಳಣ್ಣನ ಹಣೆಯಲ್ಲಿ ನೀರು ನಿಲ್ಲುತ್ತದೆ,
ಕೋಲಿನಿಂದ ಕೆಳಗಿನಿಂದ ತಿವಿದು ಚೆಲ್ಲುತ್ತಾಳೆ ಅವಳು.

ನಮ್ಮ ಅಂಗಡಿಯಲ್ಲಿ ಹೆಂಗಸರಿಗೆ ಶೌಚಾಲಯವಿಲ್ಲ.
ನನ್ನ ಮನೆಯ ಬೀದಿ ತುದಿಯ ಪಾಲಿಕೆಯದಕ್ಕೆ ಬೀಗ,
ಬೀಗದ ಕೈ ಯಾರ ಸೊಂಟದಲ್ಲೋ.
ಆರು ವರ್ಷದಿಂದ, ಕೆಲಸಕ್ಕೆ ಕೂತ ಮೇಲೆ
ಬಾಯಾರಿಕೆಯಾದರೆ ತುಟಿ ಒದ್ದೆ ಮಾಡಿಕೊಳ್ಳುತ್ತೇನೆ.
ನಿನ್ನೆ ರಾತ್ರಿ, ಹನ್ನೊಂದು ದಾಟಿತ್ತು,
ಹಳೇ ಫೈಲು ತೆರೆದು ಆ ನಂಬರು ಒತ್ತಿದೆ.
ಮೂರು ರಿಂಗು. ಹಿಂದೆ ಟೀವಿ, ಯಾರೋ ಗಂಡಸು ಕೆಮ್ಮಿದ್ದು,
ಬಾಗಿಲು ಎಳೆದುಕೊಂಡ ಸದ್ದು.
ಏನು ಹೇಳಬೇಕೆಂದು ತೋಚದೆ ಸುಮ್ಮನಿದ್ದೆ.
ಆ ಕಡೆಯಿಂದ, ತಗ್ಗಿದ ದನಿ:

'ಹೇಳಿ. ಯಾವ ಬೀದಿ?'