ಕಂಟಿನ್ಯೂಟಿ

ಕಂಟಿನ್ಯೂಟಿ ಅಂದರೆ ಇಷ್ಟೇ:
ನಿನ್ನೆ ಅರ್ಧ ಕುಡಿದಿಟ್ಟ ಚಹಾ
ಇವತ್ತೂ ಅರ್ಧವೇ ಇರಬೇಕು.
ಕನ್ನಡಕ ಎಡಗೈಯಲ್ಲಿದ್ದರೆ ಎಡಗೈಯಲ್ಲೇ.
ಮನುಷ್ಯರು ಮನೆಗೆ ಹೋಗಿ, ಉಂಡು, ಜಗಳಾಡಿ, ನಿದ್ದೆಗೆಟ್ಟು
ಮರುದಿನ ಬಂದು ನಿಂತರೂ
ಹೊಸ್ತಿಲು ದಾಟುವ ಆ ಒಂದು ಹೆಜ್ಜೆ
ತುಂಡಾಗಬಾರದು.
ಅದಕ್ಕೆ ನನಗೆ ದಿನಕ್ಕೆ ಹನ್ನೆರಡು ನೂರು, ಊಟ,
ಉದ್ದನೆಯದೊಂದು ನೋಟ್‌ಬುಕ್ಕು.

ಪುಣೆ, ಶನಿವಾರ ಪೇಠೆಯ ವಾಡೆ.
ಶೂಟಿಂಗ್ ಮುಗಿದ ಮೇಲೆ ಕೆಡವುತ್ತಾರಂತೆ;
ಬಿಲ್ಡರನ ಬೋರ್ಡಿಗೆ ನಾವೇ ಗೋಣಿತಾಟು ಹೊದಿಸಿದ್ದೆವು.
ಸಿನಿಮಾದಲ್ಲಿ ಒಬ್ಬ ಮುದುಕಿ
ಒಂದೊಂದಾಗಿ ಎಲ್ಲವನ್ನೂ ಮರೆಯುತ್ತಾಳೆ,
ಮರಾಠಿಯಲ್ಲಿ.

ಮುದುಕಿ ಅಂದರೆ ಅಂಬೂತಾಯಿ ಕಾಗಲಕರ.
ಮೂವತ್ತು ವರ್ಷ ಅತ್ತೆಯ ಪಾತ್ರದಲ್ಲಿ
ಯಾರಯಾರದೋ ಸೊಸೆಯರನ್ನು ಬೈದು
ಈಗ ಮೊದಲ ಸಲ ಪೋಸ್ಟರಿನ ನಟ್ಟನಡುವೆ.
ನಾನು ಸೊಲ್ಲಾಪುರದ ಕನ್ನಡದವಳೆಂದು ತಿಳಿದ ದಿನ
ತನ್ನ ಡಬ್ಬಿಯ ಶೇಂಗಾ ಚಟ್ನಿ ನನ್ನ ತಾಟಿಗೆ ಸುರಿದು ಹೇಳಿದಳು:
"ಲಗ್ನ ಆಗಿ ಬಂದಾಗ, ಅತ್ತಿ ಬಾಗಲಾಗ ನಿಂತು 'ಕೋಣ?' ಅಂದ್ಲು.
ನಾ ಹಿಂದ ತಿರುಗಿ ನೋಡಿದೆ,
ಕೋಣ ಎಲ್ಲಿಂದ ಬಂತಪಾ ಅಂತ!"
ಲೈಟಿನ ಹುಡುಗರಿಗೆ ತಿಳಿಯಲಿಲ್ಲ. ನಾವಿಬ್ಬರೇ
ಕೆಮ್ಮು ಹತ್ತುವ ತನಕ ನಕ್ಕೆವು.

ಹತ್ತನೆಯ ದಿನ ಅದೇ ಜೋಕು.
ಹನ್ನೊಂದನೆಯ ದಿನ ಎರಡು ಸಲ.
ಬರೆದುಕೊಳ್ಳಲಿಲ್ಲ. ನೋಟ್‌ಬುಕ್ಕಿನಲ್ಲಿ
ಅಂಥದಕ್ಕೆ ಕಾಲಂ ಇಲ್ಲ.

ಡೈರೆಕ್ಟರಿಗೆ ಖುಷಿಯೋ ಖುಷಿ.
"ಆ ತಡವರಿಕೆ ನೋಡು! ಯಾವ ಶಾಲೆ ಕಲಿಸೀತು ಇದನ್ನ?"
ಪಡಸಾಲೆಯ ತುದಿಗೆ ಪ್ಲೈವುಡ್ಡಿನ ಬಾಗಿಲೊಂದು ನಿಲ್ಲಿಸಿದ್ದೆವು,
ಅದರ ಹಿಂದೆ ಬರೀ ಗೋಡೆ.
ಕಟ್ ಅಂದ ಮೇಲೂ ಅವಳು
ಅದರ ಚಿಲಕ ಎಳೆಯುತ್ತಲೇ ಇದ್ದಳು.
ನಾನು ಯಾರಿಗೂ ಹೇಳಲಿಲ್ಲ.
ಇನ್ನೂ ಆರು ದಿನದ ಕೆಲಸವಿತ್ತು,
ಅವಳಿಗೂ, ನನಗೂ.

ದೃಶ್ಯ ಅರವತ್ತೊಂದು, ಟೇಕ್ ಮೂರು.
ಮಗನ ಪಾತ್ರದವನು ಕೈ ಹಿಡಿದು
ನಾನ್ಯಾರು ಹೇಳು ಅನ್ನಬೇಕು.
ಅವಳ ಡೈಲಾಗು ಒಂದೇ ಶಬ್ದ: ಕೋಣ?

ಅಂದಳು, ಸರಿಯಾಗಿಯೇ.
ಆಮೇಲೆ, ಯಾರೂ ಬರೆಯದ ಹಾಗೆ,
ಮೆಲ್ಲಗೆ ಹಿಂದೆ ತಿರುಗಿ ನೋಡಿದಳು.
ಅಲ್ಲಿ ಟ್ರಾಲಿಯ ಹಳಿ, ಕೇಬಲ್ಲು,
ಲೋಟ ಹಿಡಿದು ನಿಂತ ಸ್ಪಾಟ್ ಬಾಯ್.
"ನೀಲವ್ವಾ, ಒಲಿ ಮ್ಯಾಲಿನ ಹಾಲು ಇಳಿಸಿದೇನ?
ಉಕ್ಕತದ ನೋಡು.
ನಾ ಇಲ್ಲೇ ನಿಂತುಬಿಟ್ಟೆ."

ಕಟ್. ಚಪ್ಪಾಳೆ. ಡೈರೆಕ್ಟರ್ ಕಣ್ಣೊರೆಸಿಕೊಂಡ.
"ಏನಂದಳು? ನಿಮ್ಮ ಭಾಷೆ ಅಲ್ವಾ?"
ಹಾಲಿನ ಮಾತು, ಅಂದೆ.
"ಇರಲಿ, ಚೆನ್ನಾಗಿದೆ. ನೀಲವ್ವ ಯಾರು?"

ರಿಕ್ಷಾ ಹತ್ತಿಸುವಾಗ ನಾನೂ ಕೇಳಿದೆ.
ಅವಳು ನನ್ನ ಮುಖವನ್ನೇ ನೋಡಿದಳು,
ಬಹಳ ಮರ್ಯಾದೆಯಿಂದ ಕೇಳಿದಳು:
"ಆಪಣ ಕೋಣ?"
ನಗುತ್ತಾಳೇನೋ ಎಂದು
ಸಿಗ್ನಲ್ ಹಸಿರಾಗುವ ತನಕ ಕಾದೆ.

ಆ ರಾತ್ರಿ ಬರೆದೆ:
ಸೆರಗು ಬಲಕ್ಕೆ. ಬಳೆ ನಾಲ್ಕು. ಕನ್ನಡಕ ಇಲ್ಲ.
ಸಂಭಾಷಣೆ ಎಂದು ಬರೆದು
ಮುಂದೆ ಖಾಲಿ ಬಿಟ್ಟೆ.

ವರ್ಷದ ಮೇಲೆ, ಕೋಥ್ರೂಡಿನ ಥಿಯೇಟರು.
ಮೊಮ್ಮಗಳು ಕರೆತಂದು ನನ್ನ ಪಕ್ಕ ಕೂರಿಸಿದಳು.
ಪಾಪ್‌ಕಾರ್ನಿನ ಒಂದೊಂದೇ ಹೂವು ಎಣಿಸಿ
ಮಡಿಲಲ್ಲಿ ಸಾಲಾಗಿ ಇಡುತ್ತಿದ್ದಳು ಅಂಬೂತಾಯಿ,
ಪರದೆಯ ಕಡೆ ಕಣ್ಣೇ ಇಲ್ಲ.
ಅರವತ್ತೊಂದು ಬಂತು.
ಪರದೆಯ ಮುದುಕಿ ಹಿಂದೆ ತಿರುಗಿದಳು, ಕೇಳಿದಳು;
ಕೆಳಗೆ ಬಿಳಿ ಅಕ್ಷರದಲ್ಲಿ
ನಾನು ಬರೆದುಕೊಟ್ಟ ಅನುವಾದ.

ಪಕ್ಕದ ಸೀಟು ಕಿರುಗುಟ್ಟಿತು.
ಮಡಿಲ ಹೂವೆಲ್ಲ ನೆಲಕ್ಕೆ.
"ಇಳಿಸೇನಿ ಯಕ್ಕಾ," ಅಂದಳು ಗಟ್ಟಿಯಾಗಿ,
ಹತ್ತು ವರ್ಷದ ಹುಡುಗಿಯ ದನಿಯಲ್ಲಿ,
"ಯಾವಾಗೋ ಇಳಿಸೇನಿ. ನೀ ಒಳಗ ಬಾ."

ಹಿಂದಿನ ಸಾಲಿನವರು
ಶ್... ಅಂದರು.