ಸಾಕು

ಎರಡೇ ವಾರ, ಅಂದರು ಸಂಘದ ಕೊರಗಪ್ಪಣ್ಣ,
ಮುಹರ್ರಕ್ಕಿನ ನಮ್ಮ ಮೂರನೇ ಮಹಡಿಯ ಬಾಗಿಲಲ್ಲಿ
ಚಪ್ಪಲಿಯನ್ನೂ ಕಳಚದೆ ನಿಂತು.
ಹಿಂದೆ ಒಬ್ಬ ಹುಡುಗ, ಎಂಟು ವರ್ಷ,
ಬಾಸುಮತಿ ಅಕ್ಕಿಯ ಖಾಲಿ ಚೀಲದಲ್ಲಿ ಅವನ ಇಡೀ ಸಂಸಾರ.
ಹೆಸರು ವಿರುಪಾಕ್ಷಿ. ಊರು ಕಂಪ್ಲಿ ಕಡೆ.
ಅವ್ವನ ಕಾಗದಗಳು ಸರಿಯಿಲ್ಲ, ಒಳಗಿದ್ದಾಳೆ.
ಅಪ್ಪನ ವಿಷಯ ಕೇಳಬೇಡಿ ಅಂದರು. ಕೇಳಲಿಲ್ಲ.

ರಾತ್ರಿ ಸೋಫಾದ ಮೇಲೆ ಮಲಗಿದ, ಬೂಟು ಹಾಕಿಕೊಂಡೇ.
ಬಿಚ್ಚು ಅಂದೆ. ಬ್ಯಾಡ್ರಿ ಅಂದ.
ಮೂರು ದಿನಕ್ಕೆ ಅದೊಂದೇ ಮಾತು.
ನನ್ನದು ಶಾಲೆಯಲ್ಲಿ ಕಲಿತ ಕನ್ನಡ, ಮನೆಯೊಳಗೆ ಕೊಂಕಣಿ;
ಅವನದು ಕಟಕ್ಕನೆ ಮುರಿಯುವ ರೊಟ್ಟಿ.
ಒಂದೇ ಭಾಷೆ, ನಡುವೆ ಘಟ್ಟ.

ತಟ್ಟೆಗೆ ಹಾಕಿದ್ದನ್ನೆಲ್ಲ ತಿನ್ನುತ್ತಿದ್ದ.
ಇನ್ನೂ ಹಾಕಲಾ? ತಲೆಯಾಡಿಸುತ್ತಿದ್ದ. ಇನ್ನೂ? ಇನ್ನೂ.
ಮುಳ್ಳು ಬಿಡಿಸಿ ಗೊತ್ತಿಲ್ಲ, ನುಂಗಿ ಕೆಮ್ಮುತ್ತಿದ್ದ,
ಸಾಕು ಅನ್ನಲಿಲ್ಲ.
ದಿಂಬಿನ ಕವರು ಒಗೆಯಲು ತೆಗೆದರೆ ಒಳಗೆ ಖುಬೂಸು,
ನಾಲ್ಕಾಗಿ ಮಡಿಸಿದ್ದು, ಒಣಗಿ ರಟ್ಟಾಗಿದ್ದು.
ಅಲ್ಲೇ ಇಡು, ಅಂದ ಪಿಯುಸ್.
ಇರುವೆ ಬರುತ್ತವೆ.
ಬರಲಿ.

ಶಾಲೆಯಲ್ಲಿ ಒಂದು ಫಾರ್ಮು:
ವಿದ್ಯಾರ್ಥಿಗೆ ನೀವು ಏನಾಗಬೇಕು?
ಆಂಟಿ ಎಂದು ಬರೆದೆ, ಹೊಡೆದುಹಾಕಿದೆ.
ನಮ್ಮಲ್ಲಿ ಒಂದು ಪದವಿದೆ, ಸಾಕುತಾಯಿ,
ಬಿಡಿಸಿ ಓದಿದರೆ ಯಾರೋ ಕೈ ಅಡ್ಡ ಹಿಡಿದು
ಸಾಕು, ತಾಯಿ, ಅಂದ ಹಾಗೆ.
ಮೇಜಿನಾಚೆಯ ಈಜಿಪ್ಟಿನ ಹೆಂಗಸು ನನ್ನ ಮುಖ ನೋಡಿ
ತಾನೇ ಏನೋ ಅರಬ್ಬಿಯಲ್ಲಿ ಬರೆದುಕೊಂಡಳು.
ಏನೆಂದು ಇವತ್ತಿಗೂ ಗೊತ್ತಿಲ್ಲ.

ಗುರುವಾರ ಸಂಜೆ ಅವನ ಅವ್ವನ ಫೋನು, ಹತ್ತು ನಿಮಿಷ.
ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಡುತ್ತಿದ್ದೆ,
ಕೇಳಿಸಬಾರದೆಂದು. ಜುಲೈಯಲ್ಲಿ ಇಲ್ಲಿ
ತಣ್ಣೀರ ನಲ್ಲಿಯಲ್ಲೂ ಬರುವುದು ಕುದಿನೀರು.
ಆದರೂ ಒಂದೊಂದು ಮಾತು ನುಸುಳಿ ಬರುತ್ತಿತ್ತು:
ಹ್ಞೂಂ ಅವ್ವಾ, ಉಂಡೀನಿ.
ಇಲ್ಲ, ಬೈಯಂಗಿಲ್ಲ.
ಇಲ್ಲಿ ಒಬ್ರು ಅದಾರ.

ಒಬ್ರು. ಅದು ನಾನು.

ಒಂದು ಗುರುವಾರ ಫೋನು ಬರಲಿಲ್ಲ.
ಅವನು ಕಿಟಕಿಯಲ್ಲಿ ಇಳಿಯುವ ವಿಮಾನಗಳನ್ನು ಎಣಿಸುತ್ತ ಕೂತ.
ನನಗೆ ಚೂರು ಖುಷಿಯಾಯಿತು.
ಪಾದ್ರಿಗಳ ಹತ್ತಿರವೂ ಹೇಳಿಲ್ಲ ಇದನ್ನು.

ಎರಡು ವಾರ ಹದಿನಾಲ್ಕು ತಿಂಗಳಾಯಿತು.
ಆಮೇಲೊಂದು ದಿನ, ಬಂಗುಡೆ ಸಾರಿನ ಎರಡನೇ ಸೌಟು ಎತ್ತಿದಾಗ
ತಟ್ಟೆಯ ಮೇಲೆ ಪುಟ್ಟ ಅಂಗೈ ಅಡ್ಡ ಬಂತು.
ಸಾಕ್ರೀ.
ಸೌಟು ಹಾಗೇ ಗಾಳಿಯಲ್ಲಿ.
ಪಿಯುಸ್ ನನ್ನತ್ತ ನೋಡದೆ ಟೀವಿಯತ್ತ ನೋಡಿದ.
ಟೀವಿ ಆರಿತ್ತು.

ಮೂರು ವಾರಕ್ಕೆ ಕಾಗದಗಳು ಸರಿಯಾದವು.
ಅವಳನ್ನು ಮೊದಲು ಕಂಡದ್ದು ವಿಮಾನ ನಿಲ್ದಾಣದಲ್ಲಿ.
ನನಗಿಂತ ಎಷ್ಟೋ ಚಿಕ್ಕವಳು.
ಮಗನನ್ನು ಅಪ್ಪಿ, ಬಿಟ್ಟು, ಅವನ ಕಾಲು ನೋಡಿ
ನನ್ನನ್ನು ಕೇಳಿದಳು: ಈಗ ಎಷ್ಟನೇ ನಂಬರು ಬೂಟು?
ಮೂರು ಅಂದೆ.
ಮರೆಯಬಾರದೆಂಬಂತೆ ತುಟಿಯಲ್ಲೇ ಹೇಳಿಕೊಂಡಳು, ಮೂರು, ಮೂರು.

ನಿಲ್ದಾಣ ಹತ್ತಿರ ನಮಗೆ.
ನಾನು ಬೀಗ ತೆಗೆಯುವ ಹೊತ್ತಿಗೆ ನೆತ್ತಿಯ ಮೇಲೆ ಒಂದು ವಿಮಾನ,
ಅದೇ ಇರಬಹುದು, ಬೇರೆಯೂ ಇರಬಹುದು.

ನನಗೂ ಒಬ್ಬಳಿದ್ದಾಳೆ. ಇಷ್ಟು ಹೊತ್ತು ಹೇಳಲಿಲ್ಲ.
ಕಿನ್ನಿಗೋಳಿಯಲ್ಲಿ, ನನ್ನಕ್ಕನ ಮನೆಯಲ್ಲಿ, ಆರನೇ ವಯಸ್ಸಿನಿಂದ.
ಅಲ್ಲಿಗೆ ಫೋನು ಮಾಡುವವಳು ನಾನು;
ಕಟ್ಟುಪಾಡೇನಿಲ್ಲ, ಆದರೂ ಹತ್ತು ನಿಮಿಷದಾಚೆ ಮಾತು ಹೋಗುವುದಿಲ್ಲ.
ಆ ರಾತ್ರಿ ಕೇಳಿದೆ:
ವೆಲಿಟಾ, ನಾನು ಫೋನು ಮಾಡಿದಾಗ ಮಾವ್ಶಿ ಎಲ್ಲಿರ್ತಾಳೆ?
ಅಡುಗೆಮನೆಯಲ್ಲಿ.
ಏನು ಮಾಡ್ತಾಳೆ?
ಮಿಕ್ಸಿ ಹಾಕ್ತಾಳೆ, ಅಂದಳು.
ಕೆಲವು ಸಲ ಒಳಗೆ ಏನೂ ಇರೋದಿಲ್ಲ.