ಎಡಗೈ ಹೊಲಿಗೆ

ನಮ್ಮ ಕಿರಾಣಿ ಅಂಗಡಿಯ ಒಂದು ಮೂಲೆಯೇ
ಕಣಕಟ್ಟೆ ಕಡೆಯ ಆ ಊರಿಗೆ ಅಂಚೆ ಕಚೇರಿ.
ಬೆಲ್ಲದ ಪಿಂಡಿಗೂ ತಕ್ಕಡಿಗೂ ನಡುವೆ
ಮೊಹರು, ಮಸಿಯ ಡಬ್ಬಿ, ಅಪ್ಪ.

ಮಧ್ಯಾಹ್ನ ಬಾಗಿಲು ಹಾಕಿ
ಅಪ್ಪ ಪಂಪ್ ಸ್ಟೌ ಹಚ್ಚುತ್ತಿದ್ದ.
ಟೀಗಲ್ಲ.
ಕೆಟಲಿನ ಮೂತಿಗೆ ಲಕೋಟೆ ಹಿಡಿದು
ಅಂಟು ಬೆವರುವವರೆಗೆ ಕಾಯುವುದು ನನ್ನ ಕೆಲಸ,
ಅವನಿಗೆ ಕಣ್ಣು ಮಂಜಾದ್ದರಿಂದ ಓದುವುದೂ.
ಐದನೇ ಕ್ಲಾಸಿಗೇ ನನಗೆ ಗೊತ್ತಿತ್ತು
ಯಾರ ಮಗಳ ಬಸಿರು ಇಳಿಯಿತು,
ಬಾಣಾವರದ ಯಾವ ಗಂಡು ಯಾಕೆ ಬೇಡವೆಂದ,
ಯಾರ ತಮ್ಮ ಹೊಳಲ್ಕೆರೆ ಠಾಣೆಯಲ್ಲಿ ಕೂತಿದ್ದಾನೆ.
ಸಂಜೆ ಕಟ್ಟೆಯ ಮೇಲೆ ಅಪ್ಪ
ಎಲೆಗೆ ಸುಣ್ಣ ಸವರಿದಷ್ಟೇ ತೆಳುವಾಗಿ
ಅದನ್ನೆಲ್ಲ ಸವರುತ್ತಿದ್ದ.
ಜನ ಸರಿದು ಜಾಗ ಕೊಡುತ್ತಿದ್ದರು.
ತಿಂಗಳ ಭತ್ಯೆ ಇನ್ನೂರ ಹತ್ತು ರೂಪಾಯಿ;
ಆ ಜಾಗ ಅವನ ಮೇಲ್ಸಂಪಾದನೆ.

ಕಂಬಳಿ ನೇಯುವ ದ್ಯಾವೀರಮ್ಮ
ಅಂಟನ್ನು ನಂಬಿದವಳಲ್ಲ.
ಹದಿನೈದು ದಿನಕ್ಕೊಂದು ಲಕೋಟೆ,
ಬಾಯಿಗೆ ಕರಿ ಉಣ್ಣೆಯ ಹೊಲಿಗೆ,
ಕಂಬಳಿಯ ಅಂಚು ಮುಚ್ಚಿದ ಹಾಗೆ ಒತ್ತೊತ್ತು.
ಕಾಸು ಕೊಟ್ಟಾದ ಮೇಲೂ
ಲಕೋಟೆಯಿಂದ ಬೆರಳು ತೆಗೆಯಲು ತಡ ಮಾಡುವಳು.
"ಏನವ್ವ, ಕಾಗದಕ್ಕೂ ಕುಪ್ಪಸ ತೊಡಿಸಿದ್ದೀಯ?" ಎಂದ ಅಪ್ಪ.
"ಹೂಂ ಸ್ವಾಮಿ, ಚಳಿಗಾಲ."

ಒಂದು ದಿನ ಬ್ಲೇಡಿನ ತುದಿಯಿಂದ
ಎಳೆ ಕೀಳದ ಹಾಗೆ ಬಿಚ್ಚಿದೆ. ಓದಿದೆ.
ಒಂದೂವರೆ ಪುಟ.
"ಮುಂದೆ?" ಎಂದ ಅಪ್ಪ, ಕಿವಿ ಚಾಚಿ.
"ಕುರಿ ಲೆಕ್ಕ ಅಪ್ಪ, ಬರೀ ಕುರಿ ಲೆಕ್ಕ."
ಅವನಿಗೆ ನಾನು ಹೇಳಿದ ಮೊದಲ ಸುಳ್ಳು.

ಅದೇ ಎಳೆ, ಅವ್ವನ ಸೂಜಿ.
ಹೊಲಿದು, ಮೊಹರು ಒತ್ತಿ, ಚೀಲಕ್ಕೆ ಹಾಕಿದೆ.

ಎಂಟು ದಿನಕ್ಕೆ ಅದೇ ಲಕೋಟೆ ವಾಪಸು,
ವಿಳಾಸದವರು ಊರಿನಲ್ಲಿಲ್ಲವೆಂದು
ಕೆಂಪು ಶಾಯಿಯಲ್ಲಿ ಬರೆಸಿಕೊಂಡು.
ದ್ಯಾವೀರಮ್ಮ ಬಿಚ್ಚಲಿಲ್ಲ. ಹೆಬ್ಬೆರಳಿನಿಂದ
ಹೊಲಿಗೆಯನ್ನು ಈ ತುದಿಯಿಂದ ಆ ತುದಿಗೆ ತಡವಿದಳು.
ನನ್ನ ಎಳೆಯೆಲ್ಲ ಬಲಕ್ಕೆ ವಾಲಿತ್ತು.
ಅವಳು ಎಡಚಿ.
ಅದು ನನಗೆ ತಿಳಿದದ್ದೇ
ಅವಳು ಆ ಕೈಯಲ್ಲಿ ನನ್ನ ಗಲ್ಲ ಎತ್ತಿದಾಗ.
"ಸೂಜಿ ಚುಚ್ಚಲಿಲ್ವಾ ಮಗ?"
ಅಷ್ಟೆ.

ದೂರು ಬರೆದರೂ ಯಾವ ಡಬ್ಬಿಗೆ ಹಾಕುವುದು?
ಹಾಸನದ ಸಾಹೇಬರಿಗೆ ಹೋಗುವ ಕಾಗದವೂ
ನಮ್ಮ ಕೆಟಲಿನ ಮುಂದೆಯೇ ಹಾಯಬೇಕು.
ಬೆಳಗಿನ ಬಸ್ಸಿಗೆ ಅರಸೀಕೆರೆಗೆ ಹೋದಳಂತೆ.
ಪ್ಲಾಟ್‌ಫಾರಂ ಟಿಕೆಟು ಕೊಂಡು,
ಅಂಚೆಯ ಬೋಗಿ ಎಲ್ಲಿ ನಿಲ್ಲುತ್ತದೆಂದು ಮೂವರನ್ನು ಕೇಳಿ,
ಲೇಟ್ ಫೀ ಸ್ಟಾಂಪು ಹೆಚ್ಚಿಗೆ ಅಂಟಿಸಿ,
ಬೋಗಿಯ ಸೀಳಿಗೆ ಕೈಯಾರೆ ಹಾಕಿ,
ರೈಲು ತಿರುವು ದಾಟುವವರೆಗೂ ನಿಂತಿದ್ದಳಂತೆ,
ಯಾರನ್ನೋ ಕಳಿಸಿಕೊಟ್ಟವಳ ಹಾಗೆ.

ಇನ್‌ಸ್ಪೆಕ್ಟರು ಬಂದವರೇ ಕೆಟಲು ತರಿಸಿದರು.
ಮೂತಿಯ ಸುತ್ತ ಒಣಗಿದ ಅಂಟು.
"ಓದಿದ್ದು ಯಾರು?"
"ನಾನೇ" ಎಂದ ಅಪ್ಪ.
ಓದಿ ಸಹಿ ಹಾಕಿ ಎಂದು ಹೇಳಿಕೆಯ ಹಾಳೆ ಚಾಚಿದರು.
ಅಪ್ಪ ಅದನ್ನು ದೂರ ಹಿಡಿದ, ಹತ್ತಿರ ಹಿಡಿದ,
ನನ್ನ ಕಡೆ ತಿರುಗಲಿಲ್ಲ.
ಓದದೆಯೇ ಸಹಿ ಹಾಕಿದ.

ಮೊಹರು, ಬೀಗ, ಚೀಲ ಎಣಿಸಿ ಒಯ್ದರು.
ಆ ಸಂಜೆ ಕಟ್ಟೆಯಲ್ಲಿ ಯಾರೂ ಸರಿಯಲಿಲ್ಲ.
ಅಪ್ಪ ನಿಂತೇ ಎಲೆ ಹಾಕಿಕೊಂಡ.

ನನಗೀಗ ಐವತ್ತೆರಡು.
ದ್ಯಾವೀರಮ್ಮ ಹೋಗಿ ಬಹಳ ವರ್ಷವಾಯಿತು.
ಆ ಒಂದೂವರೆ ಪುಟ ನನಗೆ ಬಾಯಿಪಾಠ,
ಎರಡು ಕಡೆ ಹೊಡೆದುಹಾಕಿದ ಮಾತೂ ಸೇರಿ.
ಗುಂಡಿ ಹಚ್ಚುತ್ತಾ ಕೂತಾಗ ಮಗಳು ಕೇಳುತ್ತಾಳೆ,
ಅದರಲ್ಲಿ ಏನಿತ್ತಮ್ಮ?
ಕುರಿ ಲೆಕ್ಕ, ಎನ್ನುತ್ತೇನೆ.
ಎಷ್ಟು ಕುರಿ?
ಹನ್ನೊಂದು.
ಒಂದು ಕುಂಟು.